ಹರಿದ ಶಿವದಾರ

ಅವರ ಬಲ ಅಂಗೈ ಹಿಮ್ಮಡಿಯಷ್ಟು ಜಡ್ಡುಗಟ್ಟಿತ್ತು. ನಾಸಿಕದ ನಮ್ಮ ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಅವರದು. ಸೀಟು ಖಾಲಿಯಿದ್ದರೂ ಕೂರುತ್ತಿರಲಿಲ್ಲ. ಕಂಬಿ ಹಿಡಿದು, ಹಿಂದಿನ ಸಾಲಿಗೆ ಮುಖ ಮಾಡಿ ನಿಲ್ಲುತ್ತಿದ್ದರು. ಕೂತರೆ ಹಿಂದಿನವರ ಕೈ ಕಾಣುವುದಿಲ್ಲ ಎನ್ನುತ್ತಿದ್ದರು. ಎಲ್ಲರಿಗೂ ಅವರು ಮಾವಶಿ, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಬೀದರ್ ಕಡೆಯವರೆಂದು ನನಗೆ ಗೊತ್ತಾದದ್ದು, ಒಮ್ಮೆ ಡ್ರೈವರನ ಮೇಲೆ ಸಿಟ್ಟಾಗಿ ಕನ್ನಡದಲ್ಲಿ ಬೈದಾಗ. ನಾವೂ ಅಲ್ಲಿಯವರೇ.

ಆ ಬಸ್ಸಿನಲ್ಲಿ ನನ್ನ ಹೆಸರು ಇಡ್ಲಿ. ನಮ್ಮ ಮನೆಯಲ್ಲಿ ವರ್ಷಕ್ಕೆ ಎರಡು ಸಲ ಇಡ್ಲಿ ಮಾಡಿದರೆ ಹೆಚ್ಚು, ದಿನಾ ಜೋಳದ ರೊಟ್ಟಿ. ಅದನ್ನು ಯಾರು ಕೇಳಬೇಕು? ನನಗಿಂತ ಒಂದು ತರಗತಿ ಮುಂದಿದ್ದ ಹುಡುಗಿಯೊಬ್ಬಳು ನನ್ನ ಮರಾಠಿಯನ್ನು ಮೂಗಿನಲ್ಲಿ ಅಣಕಿಸುವಳು, ಉಳಿದವರು ನಗುವರು. ನಾನು ಅಳುವುದನ್ನು ಫೋನಿನಲ್ಲಿ ಹಿಡಿದು ಎಲ್ಲರಿಗೂ ಕಳಿಸಿದ್ದಳು. ಟೀಚರಿಗೆ ಹೇಳಿದರೆ, ನೀನೇ ಹೋಗಿ ಮುಂದಿನ ಸೀಟಿನಲ್ಲಿ ಕೂರು ಎಂದರು. ಮಾವಶಿ ನನ್ನನ್ನು ನನ್ನ ಜಾಗಕ್ಕೇ ವಾಪಸು ಕಳಿಸಿ, ಆ ಹುಡುಗಿಯನ್ನು ಎಬ್ಬಿಸಿ ಮುಂದೆ, ತಮ್ಮ ಪಕ್ಕಕ್ಕೆ ತಂದು ಕೂರಿಸಿದರು. "ತಪ್ಪ ಮಾಡ್ದಾಕಿ ಜಾಗಾ ಬಿಡಬೇಕು. ನೀ ಯಾಕ ಏಳ್ತಿ?" ಎಂದರು.

ಏಳನೆಯ ತರಗತಿಯಲ್ಲಿ ನನಗೆ ಲಿಂಗದೀಕ್ಷೆಯಾಯಿತು. ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ ಶಿವದಾರದಲ್ಲಿ ಕೊರಳಿಗೆ ಬಂತು. ಅದನ್ನು ಮೈಯಿಂದ ಅಗಲಿಸಬಾರದೆಂದು ಅಜ್ಜಿ ಹತ್ತು ಸಲ ಹೇಳಿದ್ದಳು. ಮೂರನೆಯ ದಿನ ನಾನು ಬಸ್ಸು ಹತ್ತಿ ಆ ಹುಡುಗಿಯ ಪಕ್ಕದಿಂದ ಹಾದುಹೋಗುವಾಗ, ಡಬ್ಬಿಯಲ್ಲಿ ಇಡ್ಲಿ ತಂದಿದ್ದೀಯಾ ಎಂದು ಕರಡಿಗೆ ಹಿಡಿದು ಎಳೆದಳು. ದಾರ ಹರಿದು ಕರಡಿಗೆ ಸೀಟಿನಡಿ ಉರುಳಿತು. ಮಾವಶಿ ಬಸ್ಸು ನಿಲ್ಲಿಸಿದರು. ಹುಡುಕಲು ಬಗ್ಗಿದ ನನ್ನನ್ನು ತಡೆದರು. ಹರಿದವಳೇ ಮೊಣಕಾಲೂರಿ ಹುಡುಕಿ ನನ್ನ ಕೈಗೆ ಕೊಡುವವರೆಗೆ ಬಸ್ಸು ಹೊರಡಲಿಲ್ಲ. ಶಾಲೆಗೆ ಅರ್ಧ ಗಂಟೆ ತಡವಾಯಿತು.

ಮರುದಿನ ದೂರು ಬಂದದ್ದು ಮಾವಶಿಯ ಮೇಲೆ. ಆ ಹುಡುಗಿಯ ಅಪ್ಪ ಶಾಲೆಯ ಆಡಳಿತ ಮಂಡಳಿಯಲ್ಲಿದ್ದವರು. ಮಗಳು ಮೊಣಕಾಲೂರಿದ್ದು ಅವರಿಗೆ ಅವಮಾನವಂತೆ. ನನ್ನ ಕೊರಳ ಮೇಲಿನ ಗೀರು ಯಾರ ಕಣ್ಣಿಗೂ ಬೀಳಲಿಲ್ಲ. ನನ್ನ ಅಪ್ಪನಾದರೂ ಕೇಳಿದರೇ? ನಾವು ಹೊರಗಿನಿಂದ ಬಂದವರು, ತಗ್ಗಿ ನಡೆಯಬೇಕು, ಇನ್ನು ಕರಡಿಗೆಯನ್ನು ದೇವರ ಜಗಲಿಯ ಮೇಲಿಟ್ಟು ಶಾಲೆಗೆ ಹೋಗು ಎಂದರು. ಸಂಜೆ ಮಾವಶಿ ಮನೆಗೇ ಬಂದರು. ಅಜ್ಜಿ ಕೊಟ್ಟ ಚಹಾ ಮುಟ್ಟಲಿಲ್ಲ.

"ಇವತ್ತ ಲಿಂಗ ತೆಗಸ್ಲತ್ತೀರಿ ಅಣ್ಣಾರ. ನಾಳಿಗಿ ಮಾತ ಬಿಡಸ್ತೀರಿ, ನಾಡದ್ದ ಸಾಲಿನೇ ಬಿಡಸ್ತೀರಿ. ಬಗ್ಗಿದವ್ರಿಗಿ ಒಂದ ಗುದ್ದ ಹೆಚ್ಚರಿ."



ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ವಿಚಾರಣೆಯಾಯಿತು. ಪಕ್ಕದಲ್ಲಿ ಅಪ್ಪ, ಎದುರಿಗೆ ಆ ಹುಡುಗಿಯ ಅಪ್ಪ, ಬಾಗಿಲ ಬಳಿ ಮಾವಶಿ. ಏನಾಯಿತೆಂದು ನನ್ನನ್ನು ಕೇಳಿದರು. ದಾರ ಹಳೆಯದಿತ್ತು, ತಾನಾಗಿ ಹರಿಯಿತು ಎಂದೆ. ಮೂರು ದಿನದ ಹೊಸ ದಾರ! ಯಾರೂ ಹೇಳಿಕೊಟ್ಟಿರಲಿಲ್ಲ, ಹೆದರಿಕೆ ಹೇಳಿಸಿತು. ಮಾವಶಿ ನನ್ನ ಮಾತನ್ನು ಸುಳ್ಳೆನ್ನಲಿಲ್ಲ. ಆ ವಾರವೇ ಅವರನ್ನು ಕೆಲಸದಿಂದ ತೆಗೆದರು. ಹುಡುಗಿ ಮತ್ತೆ ಹಿಂದಿನ ಸಾಲಿಗೆ ಹೋಗಿ ಕೂತಳು. ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಆ ಕೋಣೆಯಲ್ಲಿದ್ದ ದೊಡ್ಡವರ ಮೇಲೆ ಸಿಟ್ಟು, ಅವರಿಗಿಂತ ಹೆಚ್ಚು ನನ್ನ ಮೇಲೆ.

ಮಾವಶಿ ಸಂಭಾಜಿನಗರದ ಮಗಳ ಮನೆ ಸೇರಿದ್ದು ನನಗೆ ಗೊತ್ತಿತ್ತು. ಮುಂದೆ ಅದೇ ಊರಿನಲ್ಲಿ ನನಗೆ ಕೆಲಸ ಸಿಕ್ಕಿ ಎರಡು ವರ್ಷ ಕಳೆದರೂ ಅವರಿಗೆ ಮುಖ ತೋರಿಸುವ ಧೈರ್ಯವಾಗಲಿಲ್ಲ. ಹೋದದ್ದು ಅವರು ತೀರಿಕೊಂಡ ಸುದ್ದಿ ಕೇಳಿ. ಮಗಳೆದುರು ಎಲ್ಲ ಹೇಳಿ ಅತ್ತೆ. ಆಕೆ ಸಮಾಧಾನ ಮಾಡಲಿಲ್ಲ, ಒಳ್ಳೆಯದೇ ಆಯಿತು.

"ಹನ್ನೆರಡ್ ವರ್ಷದ ಪೋರಿ, ಅಂಜಿತ್ತು ಅಂತ ಅವ್ವ ಅಂತಿದ್ಳು. ನಿಮಗ ಈಗ ಹನ್ನೆರಡ್ ಇಲ್ಲಲ್ರಿ," ಎಂದಳು.

ಅಂದೇ ಶಾಲೆಗೆ ಪತ್ರ ಬರೆದೆ. ದಾರ ತಾನಾಗಿ ಹರಿಯಲಿಲ್ಲ, ಎಳೆದು ಹರಿದರು. ಮಾವಶಿ ಮಾಡಿದ್ದೇ ಸರಿ. ಇದನ್ನು ಅವರ ಕಡತಕ್ಕೆ ಸೇರಿಸಿ ಎಂದೆ. ಎಳೆದವಳ ಹೆಸರು ಬರೆದೆ. ನಿಜ ಮುಚ್ಚಿಟ್ಟವರ ಹೆಸರುಗಳನ್ನೂ ಒಂದೊಂದಾಗಿ ಬರೆದೆ. ಆ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು.