ನೀಲಿ ಚುಕ್ಕೆ ತೋರಿಸಿದ ಡಾಕ್ಟರಮ್ಮ

ಡಾಕ್ಟರಮ್ಮನ ಬಲಗೈ ಹೆಬ್ಬೆರಳ ಉಗುರು ಸದಾ ನೇರಳೆ ಬಣ್ಣ. ಜೀವಕೋಶಗಳು ಕಾಣಲೆಂದು ಗಾಜಿನ ಪಟ್ಟಿಯ ಮೇಲೆ ಹಾಕುವ ಬಣ್ಣವಂತೆ ಅದು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ರೋಗಿಯ ಮೈಯಿಂದ ತೆಗೆದ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಇದು ಇಂಥ ರೋಗ ಎಂದು ಬರೆದುಕೊಡುವುದು ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಅವರ ಕೆಲಸ. ಅಂಥವರು ರೋಗಿಯ ಮುಖ ನೋಡುವುದೇ ಕಡಿಮೆ. ಇವರು ಮಾತ್ರ ಮಕ್ಕಳ ರಿಪೋರ್ಟಿಗೆ ಸಹಿ ಹಾಕುವ ಮೊದಲು ವಾರ್ಡಿಗೆ ಬಂದು ಮಗುವನ್ನು ನೋಡಿ ಹೋಗುತ್ತಿದ್ದರು. "ಎಲುಬು ನೋಡಿಯಾಯ್ತು, ಎಲುಬಿನ ಯಜಮಾನಿಯನ್ನು ನೋಡುವುದು ಬೇಡವಾ?" ಎಂದರು ನನ್ನ ಮಗಳ ಮಂಚದ ಪಕ್ಕ ನಿಂತು.

ಮಗಳು ಉಗುರು ನೋಡಿ, "ನೇರಳೆ ಹಣ್ಣು ತಿಂದು ಬಂದಿರಾ?" ಎಂದಳು.

"ಹೌದು ಮಾರಾಯ್ತಿ. ನಿನಗೆ ತರ್ಲಿಕ್ಕೆ ಮರೆತೆ."

ಮರುದಿನ ಶಿರ್ವದ ತಮ್ಮ ಮನೆಯ ಮರದ ಹಣ್ಣು ಡಬ್ಬಿ ತುಂಬ ತಂದುಕೊಟ್ಟರು.

ಮಗಳ ತೊಡೆಯ ಎಲುಬಿನಲ್ಲಿ ಕ್ಯಾನ್ಸರ್. ಬನ್ನಂಜೆಯ ನಮ್ಮ ಮನೆಯಲ್ಲಿ ಅಷ್ಟರಲ್ಲೇ ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸಿದ್ದರು. ತಾಯಿಯ ತವರಿನ ಕಡೆಯಿಂದ ನಾಗದೋಷ, ಅದು ಪರಿಹಾರ ಆಗದೆ ಮದ್ದು ಹಿಡಿಯುವುದಿಲ್ಲ ಎಂದು ಜೋಯಿಸರು ಹೇಳಿಬಿಟ್ಟರು. ನನ್ನ ಅತ್ತೆ ಪಟ್ಟು ಹಿಡಿದರು: ಮೊದಲು ಪೂಜೆ, ಆಮೇಲೆ ಮದ್ದು. ಗಂಡ ತಾಯಿಗೆ ಎದುರು ಹೇಳುವವರಲ್ಲ. ನನಗೂ ಒಳಗೊಳಗೆ ಅದೇ ಭಯ. ಹೊತ್ತು ಹೆತ್ತವಳು ನಾನು. ರೋಗವನ್ನೂ ನಾನೇ ಕೊಟ್ಟೆನೇ? ನಾಳೆ ಇವಳ ತಮ್ಮನಿಗೂ, ನನ್ನ ಚಿಕ್ಕ ಮಗನಿಗೂ ಬಂದರೆ? ಲ್ಯಾಬಿನ ಬಾಗಿಲಲ್ಲಿ ನಿಂತು ಡಾಕ್ಟರಮ್ಮನ ಎದುರು ಅತ್ತುಬಿಟ್ಟೆ.

"ಅತ್ತೆಯನ್ನು ಕರ್ಕೊಂಡು ಬನ್ನಿ" ಎಂದರು, ಅಷ್ಟೇ.

ಅತ್ತೆ ಬಂದರು, ಮುಖ ಗಂಟಿಕ್ಕಿಕೊಂಡೇ. ಇಬ್ಬರು ಒಟ್ಟಿಗೆ ನೋಡುವಂಥ ಮೈಕ್ರೋಸ್ಕೋಪು ಅಲ್ಲಿತ್ತು. ಮಗಳ ಎಲುಬಿನ ಚೂರಿದ್ದ ಗಾಜಿನ ಪಟ್ಟಿಯನ್ನು ಅದರಲ್ಲಿಟ್ಟು ಅತ್ತೆಯನ್ನು ಎದುರು ಕೂರಿಸಿದರು. ಮಾತೆಲ್ಲ ತುಳುವಿನಲ್ಲಿ, ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಎಂತ ಕಾಣ್ತದೆ, ಅಮ್ಮ?"

"ನೀಲಿ ಚುಕ್ಕೆಗಳು. ರಾಶಿ ಉಂಟು."

"ಅದರಲ್ಲಿ ಅಪ್ಪನ ಮನೆಯದ್ದು ಯಾವುದು, ಅಮ್ಮನ ಮನೆಯದ್ದು ಯಾವುದು ಹೇಳಿ ನೋಡುವ."

ಅತ್ತೆ ಇನ್ನಷ್ಟು ಬಗ್ಗಿ ಒಂದೊಂದೇ ಚುಕ್ಕೆ ನೋಡತೊಡಗಿದರು. ಡಾಕ್ಟರಮ್ಮ ನಿಧಾನವಾಗಿ ಹೇಳಿದರು: "ಈ ಚುಕ್ಕೆಗಳೆಲ್ಲ ಜೀವಕೋಶ. ಇವಳ ಒಂದು ಜೀವಕೋಶದಲ್ಲಿ ಎರಡು ಜೀನ್ ತುಂಡಾಗಿ ತಪ್ಪಿ ಅಂಟಿಕೊಂಡಿವೆ. ಅದರಿಂದ ಇರಬಾರದ ಒಂದು ಪ್ರೊಟೀನ್ ಹುಟ್ಟಿದೆ. ಈಗ ಅದರದ್ದೇ ಕಾರುಬಾರು. ಸುಮ್ಮನಿರಬೇಕಾದ ಜೀನನ್ನು ಎಬ್ಬಿಸ್ತದೆ, ಕೆಲಸ ಮಾಡಬೇಕಾದದ್ದನ್ನು ಮಲಗಿಸ್ತದೆ. ಹಾಗಾಗಿ ಕೋಶಕ್ಕೆ ಬೆಳೆಯುವುದೊಂದು ಬಿಟ್ಟು ಬೇರೆ ಕೆಲಸ ಇಲ್ಲ. ಇದು ಇವಳು ಹುಟ್ಟಿದ ಮೇಲೆ ಇವಳ ಮೈಯಲ್ಲೇ ಆದದ್ದು. ತಾಯಿ ಕೊಟ್ಟದ್ದಲ್ಲ, ತಂದೆ ಕೊಟ್ಟದ್ದಲ್ಲ. ಇವಳಿಂದ ತಮ್ಮನಿಗೆ ಹೋಗುವುದೂ ಇಲ್ಲ."

"ಹಾಗಾದರೆ ಪೂಜೆ?"

"ಮಾಡಿ ಅಮ್ಮ. ನಾನು ಕೂಡ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚುವವಳೇ. ಆದರೆ ಮದ್ದು ಸೋಮವಾರವೇ ಶುರುವಾಗಬೇಕು."

ಸೋಮವಾರವೇ ಶುರುವಾಯಿತು. ಮಗಳು ಮತ್ತೆ ಶಾಲೆಗೂ ಹೋದಳು. ತಲೆಗೂದಲು ಬಂತು, ಎರಡು ಜಡೆ ಹಾಕುವಷ್ಟು. ಆಮೇಲೆ ರೋಗ ಶ್ವಾಸಕೋಶದಲ್ಲಿ ಕಾಣಿಸಿಕೊಂಡಿತು. ಅವಳು ಉಳಿಯಲಿಲ್ಲ. ಎಲ್ಲ ಸಲವೂ ಮದ್ದು ಗೆಲ್ಲುವುದಿಲ್ಲ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು, ಸುಳ್ಳು ಹೇಳುವ ಜನವಲ್ಲ ಅವರು.

ಉತ್ತರಕ್ರಿಯೆಯ ಊಟದ ಪಂಕ್ತಿಯಲ್ಲಿ ಗಂಡನ ಕಡೆಯ ಹಿರಿಯರೊಬ್ಬರು, ತಾಯಿಯ ಕಡೆಯ ದೋಷ ಸುಮ್ಮನೆ ಬಿಡುತ್ತದೆಯೇ ಎಂದು ಶುರುಮಾಡಿದರು. ನಾನು ಅದೇ ಪಂಕ್ತಿಗೆ ಸಾರು ಬಡಿಸುತ್ತಿದ್ದೆ. ಅತ್ತೆ ಒಳಗಿನಿಂದ ಬಂದು ಅವರ ಎಲೆಯ ಎದುರೇ ನಿಂತರು.

"ನಾನು ಕಣ್ಣಿಟ್ಟು ನೋಡಿ ಬಂದಿದ್ದೇನೆ. ನೀವು ನೋಡಿದ್ದೀರಾ? ಇಲ್ಲವಾದರೆ ಉಂಡು ಏಳಿ."

ಮತ್ತೆ ಯಾರೂ ಆ ಮಾತು ಎತ್ತಲಿಲ್ಲ.

ಡಾಕ್ಟರಮ್ಮ ಹೋದ ವರ್ಷ ತೀರಿಕೊಂಡರು. ಅತ್ತೆಯೂ ನಾನೂ ಶಿರ್ವಕ್ಕೆ ಹೋಗಿ, ಅವರ ಜನ ಮಾಡುವಂತೆಯೇ ಸಮಾಧಿಯ ಗುಂಡಿಗೆ ಒಂದೊಂದು ಹಿಡಿ ಮಣ್ಣು ಹಾಕಿ ಬಂದೆವು. ಮಗಳ ಫೋಟೊ ನಮ್ಮ ಚಾವಡಿಯಲ್ಲಿದೆ. ದಿನಾ ಒರೆಸುತ್ತೇನೆ, ಕೆಲವು ದಿನ ಅಳುತ್ತೇನೆ. ಆದರೆ ರೋಗ ಕೊಟ್ಟ ತಪ್ಪಿತಸ್ಥಳಂತೆ ಅವಳ ಕಣ್ಣು ತಪ್ಪಿಸಿ ನಾನು ಒಂದು ದಿನವೂ ಓಡಾಡಬೇಕಾಗಲಿಲ್ಲ.