ಆರಾದ ಮೇಲೆ ಕೂತ್ಕೊ

ಮಾಗಡಿ ಸಂತೆಯಲ್ಲಿ ಎಣಿಕೆ ಒಂದರಿಂದ ಶುರುವಾಗುವುದಿಲ್ಲ, ಲಾಭದಿಂದ ಶುರುವಾಗುತ್ತದೆ. ಮೊದಲ ಕಾಯಿಯನ್ನು ‘ಲಾಭ’ ಎಂದು ಹಾಕಿ, ಆಮೇಲೆ ಎರಡು, ಮೂರು ಎಂದು ಮುಂದಕ್ಕೆ ಹೋಗಬೇಕು. ಆರಾದ ಮೇಲೆ ಇನ್ನೊಂದು ಎಚ್ಚರ. ‘ಏಳು’ ಎಂದರೆ ಎದ್ದು ಹೋಗು ಎಂದೂ ಆಗುತ್ತದಲ್ಲ. ಎದುರಿಗೆ ಬಂದ ಗಿರಾಕಿಯನ್ನು, ಕೈಗೆ ಬಂದ ಲಕ್ಷ್ಮಿಯನ್ನು ಯಾರಾದರೂ ಏಳು ಎಂದಾರೆಯೇ? ಅದಕ್ಕೇ ‘ಮತ್ತೊಂದು’ ಎಂದು ಹೇಳಿ ಎಂಟಕ್ಕೆ ಹಾರಿಬಿಡುತ್ತಿದ್ದರು. ಓದಿದವರು ನಗಲಿ ಬಿಡಲಿ, ಸಂತೆಯ ವ್ಯಾಕರಣವೇ ಬೇರೆ.

ಗುಡೇಮಾರನಹಳ್ಳಿಯ ರೇವಮ್ಮ ಮಾತ್ರ ‘ಮತ್ತೊಂದು’ ಎನ್ನುತ್ತಿರಲಿಲ್ಲ. ಮಾವಿನ ಮಿಡಿ ಎಣಿಸುವಾಗ "ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಕೂತ್ಕೊ, ಎಂಟು" ಎನ್ನುತ್ತಿದ್ದಳು. ಹೊಸ ಗಿರಾಕಿಗಳು ನಿಜಕ್ಕೂ ಕೂತುಬಿಟ್ಟು, ಅಕ್ಕಪಕ್ಕದವರು ಗೊಳ್ಳೆಂದು ನಕ್ಕದ್ದುಂಟು. ‘ಕೂತ್ಕೊ ರೇವಮ್ಮ’ ಎಂದೇ ಅವಳಿಗೆ ಹೆಸರು ಬಿತ್ತು. ನಗುವವರಿಗೇನು, ಹಲ್ಲಿದ್ದವರೆಲ್ಲ ನಕ್ಕರು. ಯಾಕಮ್ಮಾ ಹಾಗನ್ನುತ್ತೀಯೆ ಎಂದು ಒಬ್ಬರೂ ಕೇಳಲಿಲ್ಲವಲ್ಲ, ಅದೇ ಸಿಟ್ಟು ಬರಿಸುವ ಸಂಗತಿ.

ಮದುವೆಯಾದ ನಾಲ್ಕನೇ ವರ್ಷಕ್ಕೆ ಅವಳ ಗಂಡ ಚನ್ನಲಿಂಗಪ್ಪ ಪ್ಲೇಗಿನಲ್ಲಿ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಮೈದುನ ವೀರಭದ್ರಯ್ಯನ ಮನೆಯ ಹಿತ್ತಿಲ ಕೋಣೆಯಲ್ಲಿ ಅವಳ ವಾಸ. ಅವರೇನೂ ಕೆಟ್ಟವರಲ್ಲ, ಹೊತ್ತುಹೊತ್ತಿಗೆ ಮುದ್ದೆ ಹಾಕುತ್ತಿದ್ದರು. ಆದರೆ ಮಾತು? "ಅತ್ತಿಗೆ, ದನಕ್ಕೆ ನೀರು." "ಅತ್ತಿಗೆ, ಉಣ್ಣೇಳಿ." ಅಷ್ಟೇ. ಆರು ದಿನ ಬಾಯಿಗೆ ಬೀಗ ಹಾಕಿಕೊಂಡು ಇದ್ದವಳು ಸಂತೆಯ ದಿನ ಕೋಳಿ ಕೂಗುವ ಹೊತ್ತಿಗೇ ಎದ್ದು, ಹಿತ್ತಿಲ ಮಾವಿನ ಮಿಡಿಯನ್ನೂ ಹುಣಸೆ ಚಿಗುರನ್ನೂ ಬುಟ್ಟಿಗೆ ತುಂಬಿ ಮಾಗಡಿಗೆ ನಡೆದುಬಿಡುತ್ತಿದ್ದಳು. ಕಾಸಿನ ಆಸೆಗಲ್ಲ. ಅಲ್ಲಿ ಹೊಂಗೆಮರದ ಕೆಳಗೆ ಯಲ್ಲಮ್ಮ ಇರುತ್ತಿದ್ದಳು.

ಯಲ್ಲಮ್ಮ ಇವಳಿಗಿಂತ ಹತ್ತು ವರ್ಷ ದೊಡ್ಡವಳು, ಬೇರೆ ಜಾತಿ, ಬಾಯಿ ಜೋರು. ನುಗ್ಗೆಕಾಯಿ, ಎಳೆ ಹಲಸು ತಂದು ಮಾರುತ್ತಿದ್ದಳು. ಒಬ್ಬರ ಮನೆಯ ಅಡುಗೆಯನ್ನು ಇನ್ನೊಬ್ಬರು ತಿನ್ನುವಂತಿರಲಿಲ್ಲ. ಹಸಿ ಮಾವಿನಕಾಯಿಗೆ ಯಾವ ಮೈಲಿಗೆ? ಒಂದೇ ಕಾಯಿಯನ್ನು ಕಲ್ಲಿಗೆ ಕುಟ್ಟಿ ಎರಡು ಹೋಳು ಮಾಡಿ, ಉಪ್ಪು ಖಾರ ಹಚ್ಚಿ, ಹುಳಿಗೆ ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದರು. ಯುಗಾದಿಯ ಮುಂಚಿನ ಸಂತೆಗೆ ಇಬ್ಬರೂ ಮಡಿಲ ತುಂಬ ಬೇವಿನ ಹೂ ತರುತ್ತಿದ್ದರು. ಅದನ್ನು ಮಾರುತ್ತಿರಲಿಲ್ಲ, ಏನೇ ಕೊಂಡವರಿಗೂ ಕೊಸರಾಗಿ ಒಂದು ಹಿಡಿ ಹಾಕುತ್ತಿದ್ದರು.

"ಕಹಿಗೆ ಬೆಲೆ ಕಟ್ಬಾರ್ದು ಕಣೆ ರೇವಿ. ಅದು ಎಲ್ರ ಮನೇಲೂ ಬಿಟ್ಟಿಯಾಗೇ ಸಿಕ್ತದೆ" ಎಂದು ಯಲ್ಲಮ್ಮ ನಗುತ್ತಿದ್ದಳು.

ಹೆತ್ತವ್ವ ಸತ್ತ ಮೇಲೆ ಅವಳನ್ನು ರೇವಿ ಎಂದು ಕರೆಯುತ್ತಿದ್ದವಳು ಯಲ್ಲಮ್ಮ ಒಬ್ಬಳೇ. ಸಂಜೆ ಬುಟ್ಟಿ ಎತ್ತಿಕೊಳ್ಳುವಾಗ ಆಕೆ "ಬತ್ತೀನಿ ಕಣೆ" ಎನ್ನುತ್ತಿದ್ದಳು. ಹೋಗುವವರು ಹೋಗುತ್ತೇನೆ ಎನ್ನುವುದು ನಮ್ಮಲ್ಲಿ ಉಂಟೇ? ಎಲ್ಲರೂ ಅನ್ನುವ ಮಾತೇ ಅದು. ಆದರೂ ಆ ‘ಬತ್ತೀನಿ’ಯನ್ನೇ ನೆಚ್ಚಿಕೊಂಡು ರೇವಮ್ಮ ಮುಂದಿನ ಸಂತೆಯವರೆಗೆ ದಿನ ದೂಡುತ್ತಿದ್ದಳು.

ಜರ್ಮನಿ ಯುದ್ಧ ಶುರುವಾದ ವರ್ಷದ ಯುಗಾದಿ ಸಂತೆ. ಯಲ್ಲಮ್ಮನ ಗಂಡ ಕೆಂಚಯ್ಯ ಚಳಿಜ್ವರದಿಂದ ಮಲಗಿದ್ದ. "ಬಾಯಿ ಕೆಟ್ಟೋಗೈತೆ, ಗಂಜಿಗೆ ನೆಂಚ್ಕಳಕ್ಕೆ ಮಿಡಿ ಬೇಕು ಅಂತವ್ರೆ. ಒಂದತ್ತು ಹಾಕೆ" ಎಂದು ಯಲ್ಲಮ್ಮ ಸೆರಗು ಒಡ್ಡಿದಳು. ರೇವಮ್ಮ ಎಣಿಸತೊಡಗಿದಳು. ಅಷ್ಟರಲ್ಲಿ ಯಾರದೋ ಹೋರಿ ಹಗ್ಗ ಕಿತ್ತುಕೊಂಡು ಬಂದು ಹುಣಸೆ ಚಿಗುರಿಗೆ ಬಾಯಿ ಹಾಕಿತು. ಒಂದು ಕೈಯಲ್ಲಿ ಅದನ್ನು ಅಟ್ಟುತ್ತಾ, ಇನ್ನೊಂದು ಕೈಯಲ್ಲಿ ಮಿಡಿ ಹಾಕುತ್ತಾ, ರೇವಮ್ಮನ ಬಾಯಿಂದ "ಆರು, ಏಳು" ಎಂದು ಬಂದುಬಿಟ್ಟಿತು.

ಯಲ್ಲಮ್ಮನ ಮುಖ ಕಪ್ಪಿಟ್ಟಿತು. "ಬುಡ್ತು ಅನ್ನೆ ರೇವಿ! ಮಲಗಿರೋರು ಅವ್ರೆ ಮನೇಲಿ. ಬುಡ್ತು ಅನ್ನು!"

ಹೋರಿಯನ್ನು ಓಡಿಸಿದ ಹುರುಪಿನಲ್ಲಿದ್ದ ರೇವಮ್ಮ ನಕ್ಕುಬಿಟ್ಟಳು. "ನಿಂಗೊಂದು ಹುಚ್ಚು ಯಲ್ಲಕ್ಕ" ಎಂದಳೇ ಹೊರತು ಬಿಡ್ತು ಎನ್ನಲಿಲ್ಲ.

ಮೂರನೇ ದಿನ ಕೆಂಚಯ್ಯ ತೀರಿಕೊಂಡ. ಚಳಿಜ್ವರಕ್ಕೆ ಆ ವರ್ಷ ಸತ್ತವರು ಅವನೊಬ್ಬನೇ ಅಲ್ಲ. ಅವರಿಗೆಲ್ಲ ಯಾರು ಏಳು ಎಂದಿದ್ದರು? ಹೀಗೆ ಹೇಳಿ ಸಮಾಧಾನ ಮಾಡಲು ರೇವಮ್ಮನಿಗೆ ಯಾರಿದ್ದರು? ಇದ್ದವಳು ಒಬ್ಬಳು, ಆಕೆಯ ಮನೆಯಲ್ಲೇ ಸಾವಾಗಿತ್ತು.

ತಿಥಿ ಕಳೆದ ಮೇಲೆ ಯಲ್ಲಮ್ಮ ಸಂತೆಗೆ ಬಂದಳು. ತಲೆಯ ಮೇಲೆ ಬುಟ್ಟಿಯಿರಲಿಲ್ಲ. ಹೊಂಗೆಮರದ ಕವಲಿಗೆ ಸಿಕ್ಕಿಸಿಟ್ಟಿದ್ದ ತನ್ನ ಗೋಣಿತಾಟನ್ನು ಎಳೆದುಕೊಂಡು ಕಂಕುಳಿಗೆ ಸೇರಿಸಿದಳು.

"ನೀನು ಏಳು ಅಂದೆ, ಅವ್ರು ಎದ್ದೋದ್ರು. ಬುಡ್ತು ಅನ್ನೆ ಅಂದ್ರೆ ನಕ್ಕೆ. ಮಗಳು ಕಾನಕಾನಳ್ಳಿಗೆ ಕರೀತಾವ್ಳೆ. ಹೋಯ್ತೀನಿ."

"ಬತ್ತೀನಿ ಅನ್ನು ಯಲ್ಲಕ್ಕ" ಎಂದು ರೇವಮ್ಮ ಅವಳ ಸೆರಗು ಹಿಡಿದುಕೊಂಡಳು.

ಯಲ್ಲಮ್ಮ ಸೆರಗು ಬಿಡಿಸಿಕೊಂಡಳು. "ಹೋಯ್ತೀನಿ" ಎಂದು ಇನ್ನೊಂದು ಸಲ ಅಂದು ಹೊರಟೇಹೋದಳು.

ಅಂದಿನಿಂದ ರೇವಮ್ಮನ ಎಣಿಕೆಯಲ್ಲಿ ಆರಾದ ಮೇಲೆ ‘ಕೂತ್ಕೊ’ ಬಂತು. ಪ್ರತಿ ಸಂತೆಗೂ ಎರಡು ಗೋಣಿತಾಟು ಒಯ್ದು ಒಂದನ್ನು ಪಕ್ಕದಲ್ಲಿ ಹಾಸುತ್ತಿದ್ದಳು. ಸೌತೆಕಾಯಿ ಮಾರುವ ಚೆಲುವಯ್ಯ ಬಿಸಿಲು ತಾಳಲಾರದೆ, "ನೆಳ್ಳು ಸುಮ್ನೆ ಖಾಲಿ ಬಿದ್ದೈತಲ್ಲಮ್ಮ, ನಾನು ಒಸಿ ಕೂತ್ಕಳ್ಳಾ?" ಎಂದು ಕೇಳಿದರೆ, "ಇಲ್ಲ ಕಣಪ್ಪ, ಅದು ನಮ್ಮಕ್ಕನ ಜಾಗ" ಎನ್ನುತ್ತಿದ್ದಳು. ನಿಮ್ಮಕ್ಕ ಬರುತ್ತಾಳೆಯೇ ಎಂದರೆ ಮಾತ್ರ ಬುಟ್ಟಿಯ ಕಡೆ ತಿರುಗಿಬಿಡುತ್ತಿದ್ದಳು. ಬರುತ್ತೇನೆ ಎಂದು ಹೇಳಿ ಹೋದವಳಲ್ಲವಲ್ಲ! ಹುಳಿ ಮಾವಿನಕಾಯಿಯನ್ನು ಒಬ್ಬಳೇ ತಿನ್ನಲಾರದೆ ಬಿಟ್ಟುಬಿಟ್ಟಳು. ಹೀಗೆ ಒಂಬತ್ತು ಯುಗಾದಿ ಹೋದವು.

ಹತ್ತನೆಯದರ ಸಂತೆಯಲ್ಲಿ ಕೋಲೂರಿಕೊಂಡು ಒಬ್ಬ ಮುದುಕಿ ಬುಟ್ಟಿಯ ಮುಂದೆ ನಿಂತಳು. ಎರಡು ಕಣ್ಣಿಗೂ ಪೊರೆ ಬಂದಿತ್ತು. "ಮಿಡಿ ಐತೇನವ್ವ? ಮೊಮ್ಮಗಳ ಮನೆಗೆ ಬಂದಿದ್ದೆ, ವಾಪಸ್ ಹೊಂಟಿವ್ನಿ. ಒಂದತ್ತು ಹಾಕು" ಎಂದು ಸೆರಗು ಒಡ್ಡಿದಳು. ದನಿ ಕೇಳಿಯೇ ರೇವಮ್ಮನಿಗೆ ಯಾರೆಂದು ತಿಳಿಯಿತು.

ತಪ್ಪಾಯ್ತು ಯಲ್ಲಕ್ಕ ಎನ್ನುವ ಮಾತನ್ನು ಹತ್ತು ವರ್ಷದಿಂದ ಹಿತ್ತಿಲ ದನಗಳ ಮುಂದೆ ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದಳು. ಈಗ ಬಾಯಿಗೆ ಬಂದದ್ದು ಎಣಿಕೆಯೊಂದೇ. "ಲಾಭ" ಎಂದಳು. ಎರಡು, ಮೂರು, ನಾಲ್ಕು ಎಂದು ಒಂದೊಂದನ್ನೇ ಆ ಸೆರಗಿಗೆ ಇಟ್ಟಳು. ಆರಾದ ಮೇಲೆ ಮುಂದಿನದನ್ನು ಮುದುಕಿಯ ಕೈಗೇ ಇಟ್ಟಳು.

"ಕೂತ್ಕೊ" ಎಂದಳು.

ಮುದುಕಿ ಕೂರಲಿಲ್ಲ, ನಗಲೂ ಇಲ್ಲ. ಏಳನೇ ಮಿಡಿಯನ್ನು ಬೆರಳಲ್ಲಿ ಹೊರಳಿಸಿ ಹೊರಳಿಸಿ ಸವರಿದಳು. ಕೊನೆಗೆ, "ಎಂಟು ಹಾಕು" ಎಂದಳು.

ಎಂಟು, ಒಂಬತ್ತು, ಹತ್ತು. ಮೇಲೆ ಎರಡೂ ಕೈ ತುಂಬ ಬೇವಿನ ಹೂವಿನ ಕೊಸರು. ಮುದುಕಿ ಸೆರಗು ಗಂಟು ಹಾಕಿಕೊಂಡು, ಗಾಡಿ ಕಾಯುತ್ತಿದೆ ಎಂದು ಗೊಣಗಿ ತಿರುಗಿದಳು. ನಾಲ್ಕು ಹೆಜ್ಜೆ ಹೋದವಳು ಕೋಲೂರಿ ನಿಂತಳು.

"ಬುಡ್ತು ಕಣೆ ರೇವಿ" ಎಂದಳು. "ಬತ್ತೀನಿ."

ರೇವಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅತ್ತು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಸಂತೆಯ ಜನದಲ್ಲಿ ಆ ಕೋಲು ಮರೆಯಾಗಿತ್ತು.

ಮುಂದಿನ ಸಂತೆಗೆ ಯಲ್ಲಮ್ಮ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಮಿಡಿಯ ಕಾಲ ಮುಗಿದು ಕಾಯಿ ಬಲಿತವು, ಹೊಂಗೆಯ ಹೂವು ಉದುರಿ ಪಕ್ಕದ ಗೋಣಿತಾಟಿನ ಮೇಲೆ ಬಿದ್ದಿತು. ಚೆಲುವಯ್ಯ ಬೆವರು ಒರೆಸಿಕೊಳ್ಳುತ್ತಾ ಬಂದು, ಈಗಲಾದರೂ ಕೂರಲೇ ಎಂದು ಕೇಳಿದ. ರೇವಮ್ಮ ಒಂದು ಮಾವಿನಕಾಯಿಯನ್ನು ಕಲ್ಲಿಗೆ ಕುಟ್ಟಿ ಎರಡು ಹೋಳು ಮಾಡಿದಳು. ಒಂದಕ್ಕೆ ಉಪ್ಪು ಖಾರ ಹಚ್ಚಿ ಖಾಲಿ ಗೋಣಿಯ ಮೇಲೆ ಇಟ್ಟಳು, ಇನ್ನೊಂದನ್ನು ತಾನು ಕಚ್ಚಿದಳು.

"ಇಲ್ಲ ಕಣಪ್ಪ" ಎಂದಳು, ಹುಳಿಗೆ ಕಣ್ಣು ಮುಚ್ಚಿಕೊಂಡು. "ಬತ್ತೀನಿ ಅಂದವ್ಳೆ."