ಬಾಳೆಕಾಯಿ ಸುಲಿಯುವ ಕವೂಯ

ಮುಕೋನೊ ಪೇಟೆಯಲ್ಲಿ ಕಬ್ಬಿಣದ ಬಾಗಿಲು ಮಾಡುವ ಕವೂಯನ ಮುಂಗೋಪ ಊರಿಗೇ ಗೊತ್ತು. ಗೊತ್ತಿಲ್ಲದ್ದು ಒಂದೇ. ಈಸ್ಟರ್ ಕಳೆದಾಗಿನಿಂದ ಅವನು ಅಡುಗೆಮನೆಯ ಕದ ಮುಚ್ಚಿಕೊಂಡು, ಬೇಯಿಸಿ ಊಟಕ್ಕೆ ಬಡಿಸುವ ಮಟೋಕೆ ಬಾಳೆಕಾಯಿ ಸುಲಿಯುತ್ತಿದ್ದ. ಗಂಡಸು ಬಾಳೆಕಾಯಿ ಸುಲಿದನೆಂದರೆ ಅಲ್ಲಿ ಏಳು ತಲೆಮಾರು ಆಡಿಕೊಳ್ಳುತ್ತಾರೆ. ಆದರೇನು ಮಾಡುವುದು, ಹೆಂಡತಿ ನಂಬೂಜೆಗೆ ಅಂಡಾಶಯದ ಕ್ಯಾನ್ಸರ್. ಹತ್ತು ಹೆಜ್ಜೆ ನಡೆದರೆ ಏದುಸಿರು.

ಅವಳನ್ನು ತಳ್ಳುವ ಕುರ್ಚಿಯಲ್ಲಿ ಕೂರಿಸಿಕೊಂಡು ಕವೂಯ ಆಸ್ಪತ್ರೆಯ ಒಳಗೆ ಬಂದಾಗ ಅವನ ಅಣ್ಣ ಸೆಬುಲಿಬ ಮೊದಲೇ ಬಂದು ಡಾಕ್ಟರಮ್ಮನ ಎದುರು ಕೂತಿದ್ದ.

"ಹೊಟ್ಟೆ ತೆರೆಯೋಕೆ ಮುಂಚೆನೇ ಅಂದಾಜು ಮಾಡ್ಬೇಕು," ಎಂದರು ಡಾಕ್ಟರಮ್ಮ. "ಗಡ್ಡೆ ಪೂರ್ತಿ ತೆಗೆಯೋಕಾಗುತ್ತಾ, ಇವರು ತಡ್ಕೋತಾರಾ ಅಂತ. ಸ್ಕ್ಯಾನ್, ರಕ್ತ ನೋಡಿದ್ದೀನಿ. ಇನ್ನು ಇವರಿಗೆ ಶಕ್ತಿ ಎಷ್ಟಿದೆ ಅಂತ ತಿಳೀಬೇಕು. ಮನೇಲಿ ಅಡುಗೆ ಯಾರು ಮಾಡೋದು?"

ಅಣ್ಣ ತಿರುಗಿ ನೋಡಿದ.

"ಇವಳೇ! ನೀರು ಹೊರೋದೂ ಇವಳೇ," ಎಂದ ಕವೂಯ.

"ಮತ್ತೆ ಈ ತಳ್ಳೋ ಕುರ್ಚಿ ಯಾಕೆ?" ಎಂದರು ಡಾಕ್ಟರಮ್ಮ.

"ಬಸ್ಸಲ್ಲಿ ಬಂದ ಆಯಾಸ."

ಭಾವನ ಎದುರು ನಂಬೂಜೆ ತಲೆ ಎತ್ತಲಿಲ್ಲ. ಡಾಕ್ಟರಮ್ಮ ಬರೆದುಕೊಂಡರು. "ಹಾಗಿದ್ರೆ ಗುರುವಾರ ಆಪರೇಷನ್ ಮಾಡೋಣ."

ಹೊರಗೆ ಬಂದ ಮೇಲೆ, ಅಣ್ಣ ಮುಂದೆ ಹೋದದ್ದು ನೋಡಿ ನಂಬೂಜೆ ಮೆಲ್ಲಗೆ ಕೇಳಿದಳು: "ರೀ, ಒಳಗೆ ಹೇಳಿದ್ರಲ್ಲ, ನೀರು ಹೊರೋ ಹೆಂಗಸು, ಯಾರವಳು? ಗುರುವಾರ ಆಪರೇಷನ್ ಮೇಜಿನ ಮೇಲೆ ಅವಳನ್ನೇ ಮಲಗಿಸಿ."

ಕವೂಯನ ಮುಖದ ಮೇಲೆ ಯಾರೋ ಕೆಂಡ ಸುರಿದಂತಾಯಿತು. ಕುರ್ಚಿಯನ್ನು ಗರಕ್ಕನೆ ತಿರುಗಿಸಿ ಮತ್ತೆ ಒಳಗೆ ನುಗ್ಗಿದ. ಏನಾಯಿತೆಂದು ಅಣ್ಣನೂ ಹಿಂದೆಯೇ ಬಂದ.

"ಆಗ ಹೇಳಿದ್ದು ಸುಳ್ಳು ಡಾಕ್ಟ್ರೇ! ಅಡುಗೆ ಮಾಡೋನು ನಾನು! ಸುಲಿಯೋದು, ಬೇಯಿಸೋದು, ಇವಳಿಗೆ ಸ್ನಾನ ಮಾಡಿಸೋದು, ಎಲ್ಲಾ ನಾನೇ!"

"ಥೂ," ಎಂದ ಅಣ್ಣ. "ನಾಳೆಯಿಂದ ಲಂಗಾನೂ ಉಟ್ಕೋ."

ಬೇರೆ ದಿನವಾಗಿದ್ದರೆ ಅಣ್ಣನ ಕೊರಳಪಟ್ಟಿಗೇ ಕೈ ಹಾಕುತ್ತಿದ್ದ. ಇವತ್ತು ಆ ಮಾತು ಕಿವಿಗೇ ಬೀಳಲಿಲ್ಲ. ತನ್ನ ಮಾನ ಉಳಿಸಿಕೊಳ್ಳಲು ಇವಳ ಜೀವವನ್ನೇ ಪಣಕ್ಕಿಟ್ಟಿದ್ದೆನಲ್ಲಾ ಎಂಬುದೊಂದೇ ಒಳಗೊಳಗೇ ಇರಿಯುತ್ತಿತ್ತು.

ಡಾಕ್ಟರಮ್ಮ ಚೀಟಿಯಲ್ಲಿ ಬರೆದಿದ್ದ ಗುರುವಾರವನ್ನು ಹೊಡೆದುಹಾಕಿದರು. "ಈ ಸ್ಥಿತಿಯಲ್ಲಿ ಕತ್ತಿ ಹಾಕಿದ್ರೆ ಕಷ್ಟ ಇತ್ತು. ಮೊದಲು ಮೂರು ಸುತ್ತು ಕೀಮೋ ಔಷಧಿ ಏರಿಸೋಣ. ಗಡ್ಡೆ ಕುಗ್ಗಿ, ಇವರು ಚೇತರಿಸ್ಕೊಂಡ್ರೆ ಆಮೇಲೆ ಆಪರೇಷನ್. ಆಗೇ ಆಗುತ್ತೆ ಅಂತ ಮಾತು ಕೊಡಲ್ಲ. ಈಗ ನಿಜ ಹೇಳಿ, ಎಷ್ಟು ತಿಂತಾರೆ?"

"ನಾಲ್ಕು ತುತ್ತು. ನಿನ್ನೆ ಮೂರೇ."

"ಎರಡು," ಎಂದಳು ನಂಬೂಜೆ, ಭಾವನ ಎದುರೇ. "ಮೂರನೇದು ಎಲೆ ಕೆಳಗೆ ಬಚ್ಚಿಟ್ಟೆ. ಇವರು ಅಷ್ಟು ಕಷ್ಟಪಟ್ಟು ಮಾಡಿರ್ತಾರಲ್ಲ."

ಡಾಕ್ಟರಮ್ಮ ಎರಡು ಎಂದೇ ಬರೆದುಕೊಂಡರು.